ಶಾಲೆ ಬಿಡುವ ಹೊತ್ತಿನ ಕಾರು

ಕಾಪುವಿನ ತಾಯಿಯೊಬ್ಬರ ಪತ್ರ ಬಂದಿದೆ. ಆರು ವರ್ಷದ ಮಗನಿಗೆ ಅಸ್ತಮಾ, ಗಂಡ ದುಬೈಯಲ್ಲಿ. ಮಾವ ಸಿಗರೇಟು ಸೇದುತ್ತಾರೆ, ಅದೂ ಜಗಲಿಯಲ್ಲಿ. ಇನ್‌ಹೇಲರ್ ತಪ್ಪಿಸದೆ ಕೊಟ್ಟರೂ ಮಳೆಗಾಲ ಹಿಡಿದಾಗಿನಿಂದ ಮಗುವಿಗೆ ರಾತ್ರಿ ಕೆಮ್ಮು. ಮಾವನಿಗೆ ಹೇಳುವುದು ಹೇಗೆ ಎಂಬುದು ಪ್ರಶ್ನೆ.

ಜಗಲಿಯ ಬಗ್ಗೆ ಎರಡು ಪುಟ ಬರೆದಿದ್ದೀರಿ. ಕಾರಿಗೆ ಒಂದೇ ಸಾಲು: ‘ಉಡುಪಿಯ ಶಾಲೆಯಿಂದ ಮಾವನೇ ಕರೆತರುತ್ತಾರೆ, ಮಗು ಹತ್ತಿದ ಮೇಲೆ ಸೇದುವುದಿಲ್ಲ.’

ಹತ್ತುವ ಮೊದಲು? ಜಡಿಮಳೆಯಲ್ಲಿ ಗಾಜು ಏರಿಸಿ, ಎಸಿ ಹಾಕಿ ಬೆಲ್ ಹೊಡೆಯುವುದನ್ನು ಕಾಯುವಾಗ? ಕಾರಿನೊಳಗಿನ ಇಷ್ಟೇ ಇಷ್ಟು ಗಾಳಿಗೆ ಒಂದು ಸಿಗರೇಟು ಧಾರಾಳವಾಯಿತು. ಒಳಗಾಳಿಯನ್ನೇ ಸುತ್ತಿಸುವ ಎಸಿ ಹೊಗೆಯನ್ನೂ ಸುತ್ತಿಸುತ್ತದೆ. ನಿಕೋಟಿನ್ ಸೀಟಿಗೆ, ಮ್ಯಾಟಿಗೆ ಅಂಟಿ ಕೂತು ಆಮೇಲೂ ನಿಧಾನಕ್ಕೆ ಗಾಳಿಗೆ ಬಿಡುತ್ತದೆ. ಗಾಜು ಒಂದಿಂಚು ಇಳಿಸಿದರೆ ಹೋಗುವಂಥದ್ದಲ್ಲ. ಹೊಗೆ ಕುಡಿಯುವ ಮಗುವಿಗೆ ಸ್ಟೀರಾಯ್ಡ್ ಇನ್‌ಹೇಲರ್ ಕೂಡ ಪೂರ್ತಿ ಹಿಡಿಯುವುದಿಲ್ಲ.

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಮೊಮ್ಮಗ ಹತ್ತಿದ ಕೂಡಲೇ ಕೈ ತಡೆಯುವ ಮನುಷ್ಯ ಅವರು, ಉಳಿದದ್ದನ್ನು ಯಾರೂ ತಿಳಿಸಿಲ್ಲ. ಸಿಟ್ಟೆಲ್ಲ ನಿಮ್ಮ ಯಜಮಾನರ ಮೇಲೆ. ರಜೆಗೆ ಬರುವಾಗ ಅಪ್ಪನಿಗೆ ಸಿಗರೇಟಿನ ಕಾರ್ಟನ್, ಮಗನಿಗೆ ಏರ್ ಪ್ಯೂರಿಫೈಯರ್ ತಂದರಂತೆ! ಅದರ ಹೆಪಾ ಫಿಲ್ಟರ್ ಕಣಗಳನ್ನು ಹಿಡಿದೀತು, ಹೊಗೆಯ ಅನಿಲವನ್ನು ಹಿಡಿಯುವುದಿಲ್ಲ. ಇಲ್ಲಿ ಎಷ್ಟು ಸಲ ಬರೆದರೂ ನನಗೆ ಸಾಲದು: ಮಾವನಿಗೆ ಹೇಳುವ ಕಷ್ಟದ ಮಾತನ್ನು ಸೊಸೆಯ ತಲೆಗೆ ಕಟ್ಟಬಾರದು, ಅದು ಮಗನ ಕೆಲಸ.

ಹಾಗಾಗಿ ಇವತ್ತೇ ರಾತ್ರಿ ಅವರು ಫೋನ್ ಮಾಡಲಿ. “ಅಪ್ಪ, ಮಗು ಇರಲಿ ಬಿಡಲಿ, ಕಾರಿನೊಳಗೆ ಇನ್ನು ಸಿಗರೇಟು ಬೇಡ.” ಇಷ್ಟೇ ಸಾಕು, ಉಪದೇಶ ಬೇಡ. ಬಿಡುವ ಮನಸ್ಸು ಮಾವನಿಗೇ ಬಂದರೆ 1800-112-356 ತಂಬಾಕು ಬಿಡಿಸುವ ಉಚಿತ ಸಹಾಯವಾಣಿ.

ಮರುದಿನ ಸೀಟ್ ಕವರ್, ಮ್ಯಾಟ್ ತೊಳೆಸಿ, ಎಸಿಯ ಕ್ಯಾಬಿನ್ ಫಿಲ್ಟರ್ ಬದಲಿಸಿ. ವಾಸನೆ ಮುಚ್ಚಲು ಇಟ್ಟ ಪರ್ಫ್ಯೂಮ್ ಡಬ್ಬಿ ಎಸೆಯಿರಿ, ಅದೂ ಕೆಲವು ಮಕ್ಕಳ ಉಬ್ಬಸ ಕೆರಳಿಸುತ್ತದೆ. ಜಗಲಿಯ ಹೊಗೆ ಬಾಗಿಲ ಸಂದಿಯಲ್ಲೇ ಒಳಗೆ ಬರುತ್ತದೆ. ಸೇದಲೇಬೇಕಾದರೆ ಕೊಡೆ ಹಿಡಿದು ಗೇಟಿನ ಹತ್ತಿರ ಹೋಗಲಿ, ಮಗುವನ್ನು ಎತ್ತಿಕೊಳ್ಳುವ ಮೊದಲು ಅಂಗಿ ಬದಲಿಸಲಿ.

‘ಇನ್‌ಹೇಲರ್ ಚಟವಾಗುತ್ತದೆ’ ಎಂಬ ಅತ್ತೆಯ ಮಾತು ಕೇಳಿ ದಿನನಿತ್ಯದ್ದನ್ನು ನಿಲ್ಲಿಸಬೇಡಿ. ಅಲ್ಲಾಡಿಸಿ, ಸ್ಪೇಸರಿಗೆ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಒಂದೇ ಪಫ್ ಬಿಟ್ಟು, ಮಗು ಐದಾರು ಸಲ ನಿಧಾನಕ್ಕೆ ಉಸಿರೆಳೆದ ಮೇಲೆ ಎರಡನೆಯದು. ಎರಡು ಪಫ್ ಒಟ್ಟಿಗೆ ಬಿಟ್ಟರೆ ಮದ್ದು ಸ್ಪೇಸರಿನ ಗೋಡೆಗೇ ಹೋಗುತ್ತದೆ. ಕೊನೆಗೆ ಬಾಯಿ ಮುಕ್ಕಳಿಸಲಿ. ತಕ್ಷಣದ ಉಪಶಮನಕ್ಕಿರುವ ನೀಲಿ ಇನ್‌ಹೇಲರ್ ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಬೇಕಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆ ಒಳಗೆ ಹೋದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ನೀಲಿ ಇನ್‌ಹೇಲರ್ ಕೊಡುತ್ತಲೇ 108ಕ್ಕೆ ಕರೆ ಮಾಡಿ.