ಹವಾಯಿ ಸಾಲು ಮಧ್ಯದಲ್ಲಿ ತಿರುಗಿದ್ದು ಯಾಕೆ?

ಹವಾಯಿ ಕೆಳಗಿನ ಮ್ಯಾಂಟಲ್ ಪ್ಲೂಮ್ (ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್ ಪದರದಲ್ಲಿ ಆಳದಿಂದ ಮೇಲೇಳುವ ಬಿಸಿ ಕಲ್ಲಿನ ಕಂಬ) ಒಂದೇ ಕಡೆ ನಿಂತಿದ್ದರೆ ಜ್ವಾಲಾಮುಖಿಗಳ ಸಾಲು ಮಧ್ಯದಲ್ಲಿ ಯಾಕೆ ತಿರುಗಿದೆ ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ.

ಪ್ಲೂಮಿನ ಮೇಲೆ ಸರಿಯುತ್ತಾ ಹೋಗಿ ಈ ಸಾಲು ಮೂಡಲು ಕಾರಣವಾದ ಪೆಸಿಫಿಕ್ ಫಲಕ (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು) ಸುಮಾರು 4.7 ಕೋಟಿ ವರ್ಷಗಳ ಹಿಂದೆ ದಿಕ್ಕು ಬದಲಿಸಿತು ಅನ್ನುವುದು ಹಳೆಯ ಉತ್ತರ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಪ್ಲೂಮ್ ಕೂಡ ಸರಿದಿದೆ.

ಇದು ಗೊತ್ತಾದ ರೀತಿ ನನಗೆ ಬಹಳ ಇಷ್ಟ. ಲಾವಾ ಆರುವಾಗ ಅದರೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಆ ಹೊತ್ತಿನ ಭೂಕಾಂತ ಕ್ಷೇತ್ರದ ಓರೆಯನ್ನು (ನೆಲಕ್ಕೆ ಅದು ವಾಲಿರುವ ಕೋನವನ್ನು) ಹಾಗೇ ಹಿಡಿದಿಟ್ಟುಕೊಳ್ಳುತ್ತವೆ. ಭೂಮಧ್ಯರೇಖೆಯ ಹತ್ತಿರ ಈ ಓರೆ ಕಡಿಮೆ, ಧ್ರುವದ ಕಡೆ ಹೋದಂತೆ ಜಾಸ್ತಿ. ಹಾಗಾಗಿ ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತು ಅಂತ ಲೆಕ್ಕ ಹಾಕಬಹುದು. 2001ರಲ್ಲಿ ತಿರುವಿಗಿಂತ ಹಿಂದಿನ ಹಳೆಯ ಭಾಗವಾದ ಎಂಪರರ್ ಸಾಲಿನ ಮುಳುಗಿದ ಜ್ವಾಲಾಮುಖಿಗಳನ್ನು ಕೊರೆದು ಬಸಾಲ್ಟ್ (ಲಾವಾ ಆರಿ ಆದ ಕಲ್ಲು) ತೆಗೆದರು. ಪ್ಲೂಮ್ ಅಲುಗಾಡದೇ ಇದ್ದಿದ್ದರೆ ಎಲ್ಲವೂ ಇವತ್ತಿನ ಹವಾಯಿಯ 19 ಡಿಗ್ರಿ ಉತ್ತರವನ್ನೇ ತೋರಿಸಬೇಕಿತ್ತು, ಅಲ್ವಾ? 7.5 ಕೋಟಿ ವರ್ಷಕ್ಕಿಂತ ಹಳೆಯದಾದ, ಆ ಸಾಲಿನದೇ ಮುಳುಗಿದ ಜ್ವಾಲಾಮುಖಿ ಡೆಟ್ರಾಯಿಟ್ ಸೀಮೌಂಟ್ ಹುಟ್ಟಿದ್ದು 30 ಡಿಗ್ರಿಗಿಂತಲೂ ಉತ್ತರದಲ್ಲಿ! ಅಂದರೆ ಆಮೇಲೆ ಪ್ಲೂಮೇ ದಕ್ಷಿಣಕ್ಕೆ ಬಂದಿದೆ.

ಮ್ಯಾಂಟಲ್ ಗಟ್ಟಿ ಕಲ್ಲೇ ಆದರೂ ಬಹಳ ನಿಧಾನವಾಗಿ ಹರಿಯುತ್ತದೆ. ಗಾಳಿಗೆ ಹೊಗೆ ವಾಲುವ ಹಾಗೆ, ಮೇಲೇಳುವ ಪ್ಲೂಮ್ ಆ ಹರಿವಿಗೆ ವಾಲುತ್ತದೆ.

ತಿರುವಿನಲ್ಲಿ ಫಲಕದ ಪಾಲೆಷ್ಟು, ಪ್ಲೂಮಿನ ಪಾಲೆಷ್ಟು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ದ್ವೀಪಗಳ ವಯಸ್ಸು, ದೂರ ಹಿಡಿದು ಫಲಕದ ವೇಗ ಲೆಕ್ಕ ಹಾಕುವುದಾದರೆ ತಿರುವಿನಿಂದ ಈಚಿನ ಭಾಗವನ್ನು ತೆಗೆದುಕೊಳ್ಳಿ. ಎಂಪರರ್ ಭಾಗದಲ್ಲಿ ಪ್ಲೂಮ್ ಸರಿದ ದೂರವನ್ನೂ ಕಳೆಯಬೇಕಾಗುತ್ತದೆ.