ಮಂಗನ ಗುಂಡಿಗೆ ಹಡಗು ಹತ್ತಿದ್ದು

ಶಿರಸಿ ಹತ್ತಿರದ ನಿವೃತ್ತ ಅಕ್ಕೋರೊಬ್ಬರ ಪತ್ರ: "ನಮ್ಮ ಅಜ್ಜಿ ಮಂಗ-ಮೊಸಳೆ ಕಥೆ ಹೇಳುತ್ತಿದ್ದರು. ಮೊನ್ನೆ ಮೊಮ್ಮಗಳು ಕೊರಿಯಾದ ಕಥೆಯೊಂದನ್ನು ಓದಿ ಹೇಳಿದಳು. ಅಲ್ಲಿ ಕಡಲಿನ ರಾಜನ ಕಾಯಿಲೆಗೆ ಮೊಲದ ಲಿವರ್ ಬೇಕು. ಆಮೆ ಮೊಲವನ್ನು ಕರೆತರುತ್ತದೆ. ಮೊಲ 'ಅದನ್ನು ಮನೆಯಲ್ಲೇ ಬಿಟ್ಟು ಬಂದೆ' ಎಂದು ತಪ್ಪಿಸಿಕೊಳ್ಳುತ್ತದೆ. ಅವರು ನಮ್ಮ ಕಥೆ ಕದ್ದರೋ, ಇಲ್ಲಾ ಮನುಷ್ಯರ ಮನಸ್ಸೇ ಎಲ್ಲಾ ಕಡೆ ಒಂದೇ ಥರವೋ?"

ಅಕ್ಕೋರೇ, ಮನಸ್ಸಿನ ಮಾತನ್ನು ಸುಳ್ಳು ಎನ್ನಲಾರೆ. ಪರಶುರಾಮ ಕೊಡಲಿ ಎಸೆದು ಕಡಲಿನಿಂದ ನಮ್ಮ ಕರಾವಳಿ ಪಡೆದ. ಮಾವೋರಿ ಜನರ ಪುರಾಣದ ವೀರ ಮಾವಿ ಗಾಳ ಹಾಕಿ ನ್ಯೂಜಿಲೆಂಡಿನ ಉತ್ತರ ದ್ವೀಪವನ್ನೇ ಮೀನಿನ ಹಾಗೆ ಮೇಲೆಳೆದ. ಕಡಲಂಚಿನಲ್ಲಿ ಬದುಕುವವರಿಗೆ ನೆಲ ಕಡಲಿನಿಂದಲೇ ಬಂತು ಅನ್ನಿಸುವುದು ಸಹಜ.

ಆದರೆ ಗುಂಡಿಗೆಯನ್ನು ಮರದ ಮೇಲೆ ಬಿಟ್ಟು ಬಂದೆ ಎನ್ನುವ ಆ ಚಂದದ ಸುಳ್ಳು ಊರೂರಲ್ಲಿ ತಾನಾಗಿ ಹುಟ್ಟುವಂಥದ್ದಲ್ಲ. ಅದನ್ನು ಜನ ಹೊತ್ತುಕೊಂಡು ಹೋಗಿದ್ದಾರೆ. ಕೊರಿಯಾ ಕಡೆಗೆ ಬೌದ್ಧರ ಜಾತಕ ಕಥೆಗಳ ಜೊತೆ ಹೋಯಿತು. 6ನೇ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯ ಪಂಚತಂತ್ರವನ್ನು ಇರಾನಿನ ಪಹ್ಲವಿ ಭಾಷೆಗೆ ತಂದ. 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅದನ್ನು ಅರಬ್ಬಿಗೆ ತಂದ. ಅಲ್ಲಿ ಮೊಸಳೆಯ ಬದಲು ಆಮೆ ಇದೆ, ನೇರಳೆ ಮರದ ಬದಲು ಅಂಜೂರ ಇದೆ. ಝಾಂಜಿಬಾರಿನ ಸ್ವಾಹಿಲಿ ಕಥೆಯಲ್ಲಿ ಮಂಗನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋಗುವುದು ಶಾರ್ಕ್ ಮೀನು!

ನನ್ನ ಅಜ್ಜಿಯ ಕಥೆಯಲ್ಲಿ ಮೊಸಳೆ ಇದ್ದದ್ದು ಅಘನಾಶಿನಿ ಹೊಳೆಯಲ್ಲಿ. ಕಾಲೇಜಿನ ದಿನಗಳಲ್ಲಿ ಭಟ್ಕಳದ ಗೆಳೆಯನ ಮನೆಗೆ ಹೋಗಿದ್ದೆ. ಅವನ ತಾಯಿ ಊಟ ಬಡಿಸುತ್ತಾ ಅರಬ್ಬರ ನಂಟಿರುವ ನವಾಯತ ಮುಸ್ಲಿಮರ ಮಾತಾದ ನವಾಯತಿಯಲ್ಲಿ ಇದೇ ಕಥೆ ಹೇಳಿದರು. ಗೆಳೆಯ ಕನ್ನಡದಲ್ಲಿ ತಿಳಿಸುತ್ತಾ ಹೋದ. ಅವರದ್ದರಲ್ಲಿ ಆಮೆ, ಅಂಜೂರ. ತುತ್ತು ಕೈಯಲ್ಲೇ ಉಳಿಯಿತು. ಘಟ್ಟದ ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಕಥೆ ಎರಡು ದಾರಿಯಲ್ಲಿ ಬಂದಿತ್ತು ಅಂತ ಅವತ್ತಿನಿಂದ ನಂಬಿದ್ದೇನೆ.

ಹಾಗಾಗಿ 'ಕದ್ದರು' ಎನ್ನುವ ಮಾತು ನಿಮ್ಮಂಥವರಿಂದ ಬರಬಾರದಿತ್ತು. ನಮ್ಮ ಕಾಳುಮೆಣಸು ಅರಬ್ಬರ ಅಡುಗೆಮನೆ ಸೇರಿದ್ದನ್ನು ಕಳವು ಎನ್ನುತ್ತೇವಾ?

ನನ್ನ ಬೇಸರ ಬೇರೆಯೇ ಇದೆ. ನಮ್ಮ ಬಂದರುಗಳ ಬಗ್ಗೆ ಬರೆಯುವವರು ಪೋರ್ಚುಗೀಸರ ಜಗಳ ಬರೆಯುತ್ತಾರೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮೆಣಸಿನ ವ್ಯಾಪಾರ ಬರೆಯುತ್ತಾರೆ. ಹಾಯಿ ಹಡಗಿನ ಕಾಲದಲ್ಲಿ ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಬಂದರಲ್ಲೇ ಕಾಯಬೇಕಿತ್ತು. ಆ ರಾತ್ರಿಗಳಲ್ಲಿ ಖಲಾಸಿಗಳು ಏನು ಮಾತಾಡಿಕೊಂಡರು ಅಂತ ಯಾರೂ ಕೇಳುವುದಿಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಹುಡುಗಿಯರಿಗೇ 13 ಶಾಲೆಗಳನ್ನು ಕಂಡೆ ಎಂದು ಬರೆದಿದ್ದಾನೆ. ಆ ಹುಡುಗಿಯರು ಅಜ್ಜಿಯರಾದ ಮೇಲೆ ಮೊಮ್ಮಕ್ಕಳಿಗೆ ಯಾವ ಕಥೆ ಹೇಳಿದರೋ! ಇಷ್ಟಿದ್ದೂ ನಮ್ಮ ಜಿಲ್ಲೆಯನ್ನು 'ಮೂಲೆ' ಅಂತಾರೆ. ನಾವೂ ಸುಮ್ನೆ ತಲೆ ಆಡಿಸುತ್ತೇವೆ.

ಶಾಲೆಗಳಲ್ಲಂತೂ ಕಥೆ ಮುಗಿದ ಕೂಡಲೇ ನೀತಿ ಬರೆಸುತ್ತಾರೆ. ಯಾರು ಹೇಳಿದ್ದು, ಯಾವ ಮರ, ಯಾವ ಹೊಳೆ, ಒಂದೂ ಉಳಿಯುವುದಿಲ್ಲ. ನೀವೂ ಬರೆಸಿದ್ದೀರಿ, ಅಲ್ವಾ? ನಿಮ್ಮ ಪತ್ರದಲ್ಲೂ ಅಜ್ಜಿಯ ಮಂಗ ಯಾವ ಮರದಲ್ಲಿತ್ತು ಅಂತ ಇಲ್ಲ. ಅದನ್ನು ನೆನಪು ಮಾಡಿಕೊಂಡು ಇನ್ನೊಂದು ಪತ್ರ ಬರೆಯಿರಿ. ಎಷ್ಟೇ ಉದ್ದವಿರಲಿ, ಪೂರ್ತಿ ಹಾಕುತ್ತೇನೆ.