ಅಷ್ಟು ಹೊತ್ತು ನಗುತ್ತಿದ್ದವರು ಆಮೇಲೆ ಸುಮ್ಮನಾದರೇಕೆ?

ಪ್ರಶ್ನೆ: ಮೇಡಂ, ಅವ್ವನನ್ನು ಕರೆದುಕೊಂಡು ಕಾಶಿಗೆ ಹೋಗಿದ್ದೆವು. ವಾಪಸ್ ಬರುವಾಗ ವಿಮಾನ ಬೆಂಗಳೂರಲ್ಲಿ ಇಳಿಯುವ ಹೊತ್ತಿಗೆ ಕತ್ತಲಾಗಿತ್ತು. ಗಗನಸಖಿ ಬಂದು ಮಲಗಿದ್ದ ಅವ್ವನನ್ನು ಎಬ್ಬಿಸಿ ಕಿಟಕಿಯ ಮುಚ್ಚಳ ಮೇಲೆತ್ತಿಸಿದರು. ಮಡಿಲಲ್ಲಿದ್ದ ಪ್ರಸಾದದ ಚೀಲವನ್ನು ಮುಂದಿನ ಸೀಟಿನ ಕೆಳಗೆ ಇಡಿಸಿದರು. ಆಮೇಲೆ ನಮ್ಮೆದುರೇ ಕೂತರು. ಅವ್ವ ಮಾತಾಡಿಸಿದರೆ ತಲೆಯಾಡಿಸಿದರು, ಅಷ್ಟೇ. ಅವ್ವನಿಗೆ ಬೇಜಾರಾಗಿದೆ.
– ವಿದ್ಯಾನಗರ, ದಾವಣಗೆರೆ

ಉತ್ತರ: ಅವ್ವನಿಗೆ ಹೇಳಿ, ಅದು ಸಿಟ್ಟಲ್ಲ. ಆ ಹುಡುಗಿ ಆಗ ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿದ್ದಳು.

ವಿಮಾನ ನೆಲಬಿಟ್ಟು ಮೇಲೇರುವ ಮೊದಲ 3 ನಿಮಿಷ, ಇಳಿಯುವ ಕೊನೆಯ 8 ನಿಮಿಷ ಗಗನಸಖಿಯರಾದ ನಮಗೆ ಬಹಳ ಎಚ್ಚರದ ಹೊತ್ತು. ಬೆಲ್ಟ್ ಕಟ್ಟಿ ಕೂತು ನಮ್ಮನ್ನೇ ಕೇಳಿಕೊಳ್ಳುತ್ತೇವೆ: ನನ್ನ ಬಾಗಿಲು ಯಾವುದು? ಹೇಗೆ ತೆರೆಯಬೇಕು? ಹೊರಗೆ ಬೆಂಕಿ ಇದ್ದರೆ ಜನರನ್ನು ಯಾವ ಕಡೆ ಕಳಿಸಲಿ? ಟಾರ್ಚ್ ಎಲ್ಲಿದೆ? ಸಹಾಯಕ್ಕೆ ಯಾರನ್ನು ಕರೆಯಲಿ? ನಾನು ಈ ಕೆಲಸದಲ್ಲಿದ್ದಾಗ ಸಾವಿರಾರು ಸಲ ಇದನ್ನು ಹೇಳಿಕೊಂಡಿದ್ದೇನೆ. ಒಮ್ಮೆಯೂ ಬಳಸಬೇಕಾಗಿ ಬರಲಿಲ್ಲ, ಪುಣ್ಯ. ನಿಮ್ಮ ಅವ್ವನ ನಗುವಿಗೆ ತಿರುಗಿ ನಕ್ಕಿದ್ದರೆ ತಪ್ಪೇನಿರಲಿಲ್ಲ ಬಿಡಿ. ಹೊಸಬರು ಸ್ವಲ್ಪ ಜಾಸ್ತಿಯೇ ಬಿಗಿಯಾಗಿರುತ್ತಾರೆ.

ಇನ್ನು ಕಿಟಕಿ. ಬಿಸಿಲಿಂದ ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿದರೆ ಸ್ವಲ್ಪ ಹೊತ್ತು ಏನೂ ಕಾಣಲ್ಲ, ಅಲ್ವಾ? ರಾತ್ರಿ ವಿಮಾನದೊಳಗೆ ಝಗಝಗ ದೀಪ ಇದ್ದು, ಹೊರಗೆ ಓಡಬೇಕಾಗಿ ಬಂದರೆ ಅದೇ ಪಾಡು. ಅದಕ್ಕೇ ದೀಪ ಮಂದ ಮಾಡಿ ಕಣ್ಣಿಗೆ ಕತ್ತಲೆ ಅಭ್ಯಾಸ ಮಾಡಿಸುತ್ತಾರೆ. ಕಿಟಕಿ ತೆರೆದಿದ್ದರೆ ಯಾವ ಬದಿಗೆ ಬೆಂಕಿ ಇದೆ ಅಂತ ಒಳಗಿಂದಲೇ ಕಾಣುತ್ತದೆ.

2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇದೆಲ್ಲ ನಿಜಕ್ಕೂ ಬೇಕಾಯಿತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಇನ್ನೊಂದು ಚಿಕ್ಕ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಚಿಕ್ಕ ವಿಮಾನದಲ್ಲಿದ್ದ ಐವರು ತೀರಿಹೋದರು. ದೊಡ್ಡದರಲ್ಲಿ 379 ಜನ. ಮೈಕ್ ಕೈಕೊಟ್ಟಿತು, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿದರು. 8 ಬಾಗಿಲುಗಳಲ್ಲಿ 3 ಮಾತ್ರ ಬಳಸುವಂತಿದ್ದವು. ಆದರೂ 379 ಜನವೂ ಹೊರಬಂದರು. ಹೊಸ ಮಾದರಿಯ ವಿಮಾನಕ್ಕೆ ಪರವಾನಗಿ ಕೊಡುವ ಮುಂಚೆ, ಅರ್ಧ ಬಾಗಿಲುಗಳಿಂದಲೇ 90 ಸೆಕೆಂಡಲ್ಲಿ ಎಲ್ಲರೂ ಹೊರಬರಬಹುದೆಂದು ತೋರಿಸಬೇಕು. ಆ ಓಟದಲ್ಲಿ ಕಾಲಿಗೆ ಒಂದು ಚೀಲ ತೊಡರಿದರೂ ಹಿಂದಿನವರೆಲ್ಲ ನಿಲ್ಲುತ್ತಾರೆ. ಪ್ರಸಾದ ಸೀಟಿನ ಕೆಳಗೆ ಹೋಗಿದ್ದು ಇದಕ್ಕೇ. ಹಾಗೆ ಇಳಿಯಬೇಕಾಗಿ ಬಂದರೆ ಅದನ್ನು ಅಲ್ಲೇ ಬಿಟ್ಟು ಬರಬೇಕು. ಕಾಶಿಯದಾದರೂ ಸರಿ.

ಪ್ರಶ್ನೆ: ಮೊಬೈಲು ಸೀಟಿನ ಸಂದಿಗೆ ಬಿತ್ತು. ಸೀಟು ಹಿಂದೆ ಮುಂದೆ ಮಾಡಿ ತೆಗೆಯಲು ಹೋದರೆ ಬೈದರು. ಏಕೆ?
– ಹಿರಿಯೂರು

ಉತ್ತರ: ಬೈದಿದ್ದೇ ಒಳ್ಳೆಯದಾಯಿತು. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳಬಹುದು. ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿಗೆ ಹಾಕಬೇಡಿ ಎನ್ನುವುದೂ ಬೆಂಕಿಯ ಭಯಕ್ಕೇ. ಕೈಚೀಲದಲ್ಲಿದ್ದರೆ ಸಿಬ್ಬಂದಿ ಬೆಂಕಿ ಆರಿಸಿ, ನೀರು ಸುರಿದು ತಣ್ಣಗೆ ಮಾಡಬಲ್ಲರು. ಕೆಳಗಿನ ಸಾಮಾನಿನ ಗೂಡಿಗೆ ಹಾರಾಟದಲ್ಲಿ ಅವರ ಕೈ ಎಟುಕಲ್ಲ. ಮುಂದಿನ ಸಲ ಫೋನ್ ಬಿದ್ದರೆ ಸೀಟು ಅಲುಗಿಸದೆ ತಲೆಯ ಮೇಲಿನ ಗುಂಡಿ ಒತ್ತಿ, ಅವರೇ ಬಂದು ತೆಗೆದುಕೊಡುತ್ತಾರೆ.